ನಿನೆವೆಯ ಮುಂದೆ ಎರಡು ಪ್ರಶ್ನೆಗಳು

ದಂಡಿಸುವ ಶಕ್ತಿಯಿಲ್ಲದವನು ಕ್ಷಮಿಸಿದರೆ ಲೋಕ ಅದನ್ನು ನಿರುಪಾಯವೆನ್ನುತ್ತದೆ. ಶಕ್ತಿಯುಳ್ಳವನು ಕ್ಷಮಿಸಿದರೆ ಕರುಣೆಯೆನ್ನುತ್ತದೆ. ಈ ಭೇದ ಎಲ್ಲರಿಗೂ ತಿಳಿದದ್ದೆ. ಆದರೆ ದಂಡಿಸುವ ಶಕ್ತಿಯ ಜೊತೆಗೆ ದಂಡಿಸುವ ಹೊಣೆಯೂ ಯಾರ ಮೇಲಿದೆಯೋ ಅವನು ಕ್ಷಮಿಸಿದರೆ ಏನೆನ್ನಬೇಕು? ನ್ಯಾಯಪೀಠದಲ್ಲಿ ಕುಳಿತವನು ತನ್ನೆದುರು ನಿಂತ ಅಪರಾಧಿಯ ಕಣ್ಣೀರಿಗೆ ಕರಗಿ ಅವನನ್ನು ಬಿಟ್ಟುಬಿಟ್ಟರೆ, ಅದೇ ಅಪರಾಧಿಯಿಂದ ನೊಂದು ಬಂದು ಮೂಲೆಯಲ್ಲಿ ನಿಂತಿರುವವನ ಕಣ್ಣೀರಿಗೆ ಉತ್ತರವೇನು? ಒಬ್ಬನಿಗೆ ತೋರಿದ ದಯೆ ಇನ್ನೊಬ್ಬನಿಗೆ ಬಗೆದ ಅನ್ಯಾಯವಾಗದಿರುವುದು ಹೇಗೆ? ಮನುಷ್ಯರ ನ್ಯಾಯಾಲಯದಲ್ಲಿಯೇ ಕಠಿನವಾದ ಈ ಪ್ರಶ್ನೆಯನ್ನು ಕ್ರೈಸ್ತಧರ್ಮ ದೇವರ ಸಿಂಹಾಸನದ ಮುಂದಕ್ಕೇ ಒಯ್ದಿಟ್ಟಿದೆ. ಲೋಕಕ್ಕೆಲ್ಲ ನ್ಯಾಯ ತೀರಿಸುವವನೂ ಪಾಪಿಯ ಮೇಲೆ ಕರುಣೆಯಿಡುವವನೂ ಒಬ್ಬನೇ ಎಂಬುದು ಆ ಧರ್ಮದ ನಂಬಿಕೆ. ಎರಡು ಸಾವಿರ ವರ್ಷಗಳಿಂದ ಅದರ ಚಿಂತಕರೂ ಕವಿಗಳೂ ಈ ಒಂದು ವಾಕ್ಯದ ಭಾರವನ್ನು ಹೊತ್ತು ನಡೆದಿದ್ದಾರೆ.

ಧರ್ಮಶಾಸ್ತ್ರಜ್ಞನ ಅಧಿಕಾರದಿಂದ ನಾನು ಈ ವಿಷಯವನ್ನೆತ್ತಿಕೊಂಡಿಲ್ಲ. ಸಾಹಿತ್ಯವನ್ನು ಪ್ರೀತಿಯಿಂದ ಓದುವವರಿಗೆ ಇದು ತಪ್ಪಿಸಿಕೊಳ್ಳಲಾಗದ ವಿಷಯ. ನಮ್ಮ ಕಾಲೇಜುಗಳಲ್ಲಿ ಷೇಕ್ಸ್‌ಪಿಯರನ ವೆನಿಸ್ ನಗರದ ನ್ಯಾಯಾಲಯದ ದೃಶ್ಯವನ್ನು ತಲೆಮಾರುಗಳಿಂದ ಪಾಠ ಹೇಳುತ್ತ ಬಂದಿದ್ದೇವೆ. ಅವನ ಇನ್ನೊಂದು ನಾಟಕವಾದ ‘ಮೆಷರ್ ಫಾರ್ ಮೆಷರ್’ ತನ್ನ ಹೆಸರನ್ನೇ ಮತ್ತಾಯನ ಸುವಾರ್ತೆಯ ಉಪದೇಶವೊಂದರಿಂದ ಪಡೆದುಕೊಂಡಿದೆ. ಡಾಂಟೆ, ಮಿಲ್ಟನ್, ದಾಸ್ತೊಯೆವ್‌ಸ್ಕಿ ಮೊದಲಾದವರನ್ನು ಓದುವವನು ಈ ಪ್ರಶ್ನೆಯ ಬಾಗಿಲನ್ನು ದಾಟಿಯೇ ಒಳಗೆ ಹೋಗಬೇಕು. ಆ ಬಾಗಿಲಿನ ಬಳಿ ಸ್ವಲ್ಪ ಹೊತ್ತು ನಿಲ್ಲುವುದು ಈ ವಾರದ ಉದ್ದೇಶ.

ಕಠಿನವಾದ ಸಮಸ್ಯೆಗೆ ಸುಲಭವಾದ ಪರಿಹಾರವೊಂದು ಯಾವಾಗಲೂ ಇರುತ್ತದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬುವನು ಅಂಥದೊಂದನ್ನು ಸೂಚಿಸಿದ. ಯೆಹೂದ್ಯರ ಗ್ರಂಥಗಳಲ್ಲಿ ಕಾಣುವ ನ್ಯಾಯನಿಷ್ಠುರನಾದ ದೇವರು ಬೇರೆ, ಯೇಸು ತಂದೆಯೆಂದು ಕರೆದ ಪ್ರೇಮಮಯನಾದ ದೇವರು ಬೇರೆ ಎಂದ. ದಂಡನೆಯನ್ನೆಲ್ಲ ಒಬ್ಬನ ಪಾಲಿಗೆ, ದಯೆಯನ್ನೆಲ್ಲ ಇನ್ನೊಬ್ಬನ ಪಾಲಿಗೆ ಹಂಚಿಬಿಟ್ಟರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕ್ರಿ.ಶ. ೧೪೪ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಹಾಕಿತು. ಅವನು ಕೈಬಿಟ್ಟ ಹಳೆಯ ಗ್ರಂಥಗಳನ್ನು ಸಭೆ ಹಠದಿಂದ ಉಳಿಸಿಕೊಂಡಿತು. ಗಂಟನ್ನು ಬಿಚ್ಚುವುದಕ್ಕಿಂತ ಅದನ್ನು ಹೊತ್ತುಕೊಂಡಿರುವುದೇ ಲೇಸೆಂಬ ಈ ನಿರ್ಧಾರ ಆ ಧರ್ಮದ ಇತಿಹಾಸದಲ್ಲಿ ಬಹಳ ದೊಡ್ಡದೆಂದು ನನಗೆ ತೋರುತ್ತದೆ. ಆದರೂ ಮಾರ್ಸಿಯನ್ನನ ಮಾತು ಸತ್ತಿಲ್ಲ. ಹಳೆಯ ಒಡಂಬಡಿಕೆಯೆಂದರೆ ಕೋಪ, ಹೊಸ ಒಡಂಬಡಿಕೆಯೆಂದರೆ ಪ್ರೀತಿ ಎಂದು ಸಲೀಸಾಗಿ ಹೇಳಿಬಿಡುವ ಓದುಗರು ಇಂದಿಗೂ ಇದ್ದಾರೆ. ಅಂಥವರು ಹೊಸ ಒಡಂಬಡಿಕೆಯಲ್ಲಿ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ಅಂತಿಮ ತೀರ್ಪಿನ ಚಿತ್ರವನ್ನು ಮರೆತಿರುತ್ತಾರೆ. ಹಳೆಯದರಲ್ಲಿ ಯೋನನ ಕಥೆಯನ್ನು ಮರೆತಿರುತ್ತಾರೆ.

ಮುಂದೆ ಹೋಗುವ ಮೊದಲು ಎರಡು ಶಬ್ದಗಳ ವಿಚಾರ. ‘ನ್ಯಾಯತೀರ್ಪು’ ಎಂದೊಡನೆ ನಮ್ಮ ಕಿವಿಗೆ ಬೇಡಿಯ ಸದ್ದು ಕೇಳುತ್ತದೆ. ಆದರೆ ನಮ್ಮ ಹಳ್ಳಿಯ ಬಡವನು ‘ನನಗೆ ನ್ಯಾಯ ಸಿಕ್ಕಿತು’ ಎಂದಾಗ ಅವನ ಮುಖದಲ್ಲಿರುವುದು ಭಯವಲ್ಲ, ಬಿಡುಗಡೆ. ಹೀಬ್ರೂ ಭಾಷೆಯ ‘ಮಿಷ್ಪಾಟ್’ ಎಂಬ ಶಬ್ದದಲ್ಲಿ ಈ ಎರಡನೆಯ ಧ್ವನಿ ಬಲವಾಗಿದೆ. ಬೈಬಲಿನ ‘ನ್ಯಾಯಸ್ಥಾಪಕರು’ ಎಂಬ ಪುಸ್ತಕದಲ್ಲಿ ಬರುವವರು ಪೀಠದಲ್ಲಿ ಕುಳಿತು ವ್ಯಾಜ್ಯ ತೀರಿಸುವವರಿಗಿಂತ ಹೆಚ್ಚಾಗಿ ತುಳಿತಕ್ಕೆ ಸಿಕ್ಕ ಜನರನ್ನು ಬಿಡಿಸುವವರು. ದೇವರು ನ್ಯಾಯ ತೀರಿಸಲು ಬರುತ್ತಾನೆಂದು ಹೊಲಗಳೂ ಕಾಡಿನ ಮರಗಳೂ ಹಿಗ್ಗುವುದಾಗಿ ಕೀರ್ತನಕಾರನು ವರ್ಣಿಸುವುದು ಈ ಅರ್ಥದಲ್ಲಿಯೇ. ಇನ್ನು ಕರುಣೆ. ಅದಕ್ಕಿರುವ ಹೀಬ್ರೂ ಶಬ್ದಗಳಲ್ಲೊಂದಾದ ‘ರಹಮೀಮ್’ ತಾಯಿಯ ಗರ್ಭವನ್ನು ಹೇಳುವ ಶಬ್ದದ ಬಳಗಕ್ಕೆ ಸೇರಿದ್ದು. ಸುವಾರ್ತೆಗಳ ಗ್ರೀಕಿನಲ್ಲಿ ಕನಿಕರಪಡುವುದಕ್ಕೆ ಬಳಸಿರುವ ಕ್ರಿಯಾಪದ ಒಳಗಿನ ಕರುಳಿನಿಂದ ಹುಟ್ಟಿದ್ದು. ‘ಹೆತ್ತ ಕರುಳು’, ‘ಕರುಳು ಚುರುಕ್ಕೆಂದಿತು’ ಎನ್ನುವ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ನ್ಯಾಯವೆಂದರೆ ಬರಿಯ ಶಿಕ್ಷೆಯಲ್ಲ, ಕರುಣೆಯೆಂದರೆ ಬರಿಯ ರಿಯಾಯಿತಿಯೂ ಅಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಎರಡು ಪುಟ್ಟ ಪುಸ್ತಕಗಳ ಕಡೆಗೆ ಬರೋಣ.

ಯೋನನಿಗೆ ದೇವರ ಅಪ್ಪಣೆಯಾಗುತ್ತದೆ: ನಿನೆವೆಗೆ ಹೋಗಿ ಆ ಪಟ್ಟಣದ ದುಷ್ಟತನವನ್ನು ಖಂಡಿಸಿ ಸಾರು. ಅವನು ಯೊಪ್ಪ ಬಂದರಿಗೆ ಹೋಗಿ ವಿರುದ್ಧ ದಿಕ್ಕಿನ ತಾರ್ಷೀಷಿಗೆ ಹಡಗು ಹತ್ತುತ್ತಾನೆ. ಬಿರುಗಾಳಿ, ಸಮುದ್ರ, ಮೂರು ಹಗಲು ಮೂರು ಇರುಳು ಮೀನಿನ ಹೊಟ್ಟೆಯ ವಾಸ, ಇವೆಲ್ಲ ಮಕ್ಕಳೂ ಬಲ್ಲ ಕಥೆ. ಕಥೆಯ ತಿರುಳಿರುವುದು ಅದರ ನಂತರ. ನಲವತ್ತು ದಿನಗಳಲ್ಲಿ ಪಟ್ಟಣ ಹಾಳಾಗುವುದೆಂದು ಅವನು ಸಾರಿದಾಗ ನಿನೆವೆಯ ಅರಸನು ಸಿಂಹಾಸನದಿಂದಿಳಿದು ಬೂದಿಯಲ್ಲಿ ಕೂರುತ್ತಾನೆ. ಜನರು ಮಾತ್ರವಲ್ಲದೆ ದನಕರುಗಳೂ ಗೋಣಿತಟ್ಟು ಹೊದೆಯುತ್ತವೆ. ದೇವರು ಮನಸ್ಸು ಬದಲಿಸುತ್ತಾನೆ. ಆಗ ಪ್ರವಾದಿಗೆ ಬರುವುದು ಸಂತೋಷವಲ್ಲ, ಕಡುಕೋಪ. ನೀನು ಹೀಗೆ ಕರಗುವವನೆಂದು ತಿಳಿದೇ ನಾನು ಓಡಿಹೋದೆ ಎಂಬರ್ಥದ ಮಾತನ್ನು ಅವನು ದೇವರಿಗೇ ಹೇಳುತ್ತಾನೆ. ದೇವರ ಕೋಪಕ್ಕೆ ಹೆದರಿ ಓಡಿದವರ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ದೇವರ ಕರುಣೆಗೆ ಹೆದರಿ ಓಡಿದವನ ಇಂಥ ಇನ್ನೊಂದು ಕಥೆಯನ್ನು ನಾನು ಓದಿಲ್ಲ.

ಯೋನನನ್ನು ಸಂಕುಚಿತ ಮನಸ್ಸಿನವನೆಂದು ನಗುವುದು ವ್ಯಾಖ್ಯಾನಕಾರರ ರೂಢಿ. ನಗುವ ಮೊದಲು ನಿನೆವೆ ಯಾವುದೆಂದು ವಿಚಾರಿಸಬೇಕು. ಇಂದಿನ ಇರಾಕಿನ ಮೊಸೂಲ್ ನಗರದೆದುರು, ಟೈಗ್ರಿಸ್ ನದಿಯ ಆಚೆ ದಡದಲ್ಲಿದ್ದ ನಿನೆವೆ ಅಶ್ಶೂರ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಕ್ರಿಸ್ತಪೂರ್ವ ೭೨೨ರ ಸುಮಾರಿಗೆ ಇಸ್ರಾಯೇಲಿನ ಉತ್ತರ ರಾಜ್ಯವನ್ನು ಅಳಿಸಿಹಾಕಿ ಜನರನ್ನು ಸೆರೆಯೊಯ್ದದ್ದು ಈ ಸಾಮ್ರಾಜ್ಯವೇ. ಕ್ರಿ.ಪೂ. ೭೦೧ರಲ್ಲಿ ಲಾಕೀಷ್ ಕೋಟೆಯನ್ನು ಹಿಡಿದ ಸನ್ಹೇರೀಬನು ಆ ವಿಜಯವನ್ನು ನಿನೆವೆಯ ತನ್ನ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ. ಆ ಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಶೂಲಕ್ಕೇರಿಸಿದ ಮನುಷ್ಯರು, ಚರ್ಮ ಸುಲಿಸಿಕೊಳ್ಳುತ್ತಿರುವ ಸೆರೆಯಾಳುಗಳು, ಗಾಡಿಯ ಮೇಲೆ ಗಂಟುಮೂಟೆ ಹೇರಿಕೊಂಡು ಊರು ಬಿಡುವ ಸಂಸಾರಗಳು, ಎಲ್ಲವನ್ನೂ ನಾಚಿಕೆಯಿಲ್ಲದೆ, ಹೆಮ್ಮೆಯಿಂದ ಕೆತ್ತಲಾಗಿದೆ. ಯೋನನ ಪುಸ್ತಕವನ್ನು ಮೊದಲು ಕೇಳಿದವರು ಈ ಗಾಡಿಗಳಲ್ಲಿ ಹೋದವರ ಬಳಗದವರು. ನಿನೆವೆಗೆ ಕ್ಷಮೆ ಎಂಬ ಮಾತು ಅವರ ಕಿವಿಗೆ ಹೇಗೆ ಕೇಳಿಸಿರಬೇಕು?

ಆ ಕಿವಿಗೆ ತಕ್ಕ ಪುಸ್ತಕವೂ ಬೈಬಲಿನಲ್ಲಿದೆ. ಅದು ನಹೂಮನದು. ಯೋನನ ಪುಸ್ತಕದ ಸಮೀಪದಲ್ಲಿಯೇ, ನಡುವೆ ಮೀಕನ ಪುಸ್ತಕವೊಂದನ್ನು ಮಾತ್ರ ಬಿಟ್ಟು, ಅದನ್ನು ಇರಿಸಲಾಗಿದೆ. ಅದರ ವಸ್ತು ನಿನೆವೆಯ ನಾಶ. ರಕ್ತಮಯವಾದ ಆ ಪಟ್ಟಣಕ್ಕೆ ಬರಲಿರುವ ಗತಿಯನ್ನು ನಹೂಮನು ರಥಚಕ್ರಗಳ ಸದ್ದು ಕೇಳುವಂತೆ, ಖಡ್ಗಗಳ ಹೊಳಪು ಕಣ್ಣಿಗೆ ಹೊಡೆಯುವಂತೆ ಹಾಡುತ್ತಾನೆ. ಕ್ರಿ.ಪೂ. ೬೧೨ರಲ್ಲಿ ಬಾಬಿಲೋನಿಯದವರೂ ಮೇದ್ಯರೂ ಸೇರಿ ನಿನೆವೆಯನ್ನು ಕೆಡವಿದರು. ಈ ಎರಡು ಪುಸ್ತಕಗಳಿಗೂ ಆಶ್ಚರ್ಯಕರವಾದ ಹೊಂದಿಕೆಯಿದೆ. ದೇವರು ಮೋಶೆಗೆ ತನ್ನ ಸ್ವಭಾವವನ್ನು ತಿಳಿಸಿದ ಮಾತೊಂದು ‘ವಿಮೋಚನಕಾಂಡ’ದಲ್ಲಿ ಬರುತ್ತದೆ; ಅದರ ಅರ್ಧಭಾಗ ದೀರ್ಘಶಾಂತಿಯನ್ನೂ ಕೃಪೆಯನ್ನೂ ಹೇಳುತ್ತದೆ, ಇನ್ನರ್ಧ ಅಪರಾಧಿಯನ್ನು ಸುಮ್ಮನೆ ಬಿಡುವುದಿಲ್ಲವೆನ್ನುತ್ತದೆ. ಯೋನನು ತನ್ನ ಕೋಪದಲ್ಲಿ ಮೊದಲ ಅರ್ಧವನ್ನು ನೆನೆಯುತ್ತಾನೆ. ನಹೂಮನು ತನ್ನ ಹಾಡಿನ ಆರಂಭದಲ್ಲಿ ಎರಡನೆಯ ಅರ್ಧಕ್ಕೆ ಒತ್ತು ಕೊಡುತ್ತಾನೆ. ಎರಡು ಪುಸ್ತಕಗಳೂ ಪ್ರಶ್ನೆಯೊಂದಿಗೆ ಮುಗಿಯುತ್ತವೆ. ಬಲಗೈ ಎಡಗೈ ಭೇದವರಿಯದ ೧,೨೦,೦೦೦ಕ್ಕೂ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ಪಟ್ಟಣಕ್ಕಾಗಿ ನಾನು ಮರುಗಬಾರದೆ ಎಂಬುದು ಯೋನನ ಪುಸ್ತಕದ ಕೊನೆಯಲ್ಲಿ ದೇವರು ಕೇಳುವ ಪ್ರಶ್ನೆ. ನಿನ್ನ ಕ್ರೌರ್ಯದಿಂದ ತಪ್ಪಿಸಿಕೊಂಡವರು ಯಾರಿದ್ದಾರೆ ಎಂಬುದು ನಹೂಮನ ಪುಸ್ತಕ ನಿನೆವೆಗೆ ಹಾಕುವ ಪ್ರಶ್ನೆ.

ಒಂದು ಪ್ರಶ್ನೆ ಅಪರಾಧಿಯ ಊರಿನಲ್ಲಿರುವ ಮಗುವಿನ ಪರವಾಗಿ; ಇನ್ನೊಂದು ಅಪರಾಧಕ್ಕೆ ತುತ್ತಾದ ಮಗುವಿನ ಪರವಾಗಿ. ಧರ್ಮಗ್ರಂಥವನ್ನು ಒಟ್ಟುಗೂಡಿಸಿದವರು ಒಂದನ್ನಿಟ್ಟುಕೊಂಡು ಇನ್ನೊಂದನ್ನು ಬಿಡಬಹುದಾಗಿತ್ತು. ಎರಡನ್ನೂ ಇಟ್ಟುಕೊಂಡರು. ಯೆಹೂದ್ಯರು ಇಂದಿಗೂ ತಮ್ಮ ಪ್ರಾಯಶ್ಚಿತ್ತದ ದಿನದ ಅಪರಾಹ್ಣದಲ್ಲಿ ಯೋನನ ಪುಸ್ತಕವನ್ನು ಓದುತ್ತಾರೆ. ಆದರೆ ಅದಕ್ಕಾಗಿ ನಹೂಮನನ್ನು ಹರಿದುಹಾಕಿಲ್ಲ. ಇವೆರಡರ ನಡುವೆ ನಿಂತ ಮೀಕನು ಮನುಷ್ಯನಿಂದ ದೇವರು ಬಯಸುವುದೇನೆಂದು ವಿಚಾರಿಸಿ, ನ್ಯಾಯವನ್ನು ನಡೆಸುವುದನ್ನೂ ದಯೆಯನ್ನು ಪ್ರೀತಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಪುಸ್ತಕಗಳ ಈ ಅನುಕ್ರಮ ಆಕಸ್ಮಿಕವೇ ಇರಬಹುದು. ಆದರೂ ಓದುಗನಿಗೆ ಅದು ಒಂದು ಪಾಠದಂತೆ ಕಾಣುತ್ತದೆ.

ಹೊಸ ಒಡಂಬಡಿಕೆಯಲ್ಲಿ ಇದೇ ಪ್ರಶ್ನೆ ಸಾಲದ ಲೆಕ್ಕದ ರೂಪದಲ್ಲಿ ಬರುತ್ತದೆ. ಮತ್ತಾಯನು ಬರೆದಿಟ್ಟ ಯೇಸುವಿನ ಸಾಮತಿಯೊಂದರಲ್ಲಿ ಅರಸನಿಗೆ ಹತ್ತು ಸಾವಿರ ತಲಾಂತುಗಳ ಸಾಲ ಕೊಡಬೇಕಾದ ಸೇವಕನಿದ್ದಾನೆ. ಅವನು ಅಡ್ಡಬಿದ್ದು ಅವಧಿ ಕೇಳಿದಾಗ ಅರಸನ ಕರುಳು ಕರಗಿ ಸಾಲವನ್ನೇ ಮನ್ನಾ ಮಾಡುತ್ತಾನೆ. ಹೊರಗೆ ಬಂದ ಆ ಸೇವಕನು ತನಗೆ ನೂರು ದಿನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸುತ್ತಾನೆ. ದಿನಾರಿಯೊಂದು ಕೂಲಿಯವನ ಒಂದು ದಿನದ ಸಂಬಳ. ತಲಾಂತೊಂದಕ್ಕೆ ಸುಮಾರು ೬,೦೦೦ ದಿನಾರಿ. ಆಂದರೆ ಮೊದಲ ಸಾಲ ಆರು ಕೋಟಿ ದಿನಗಳ ದುಡಿಮೆ, ಎರಡನೆಯದು ನೂರು ದಿನಗಳದು. ಒಂದಕ್ಕೆ ಆರು ಲಕ್ಷ ಪಾಲು. ಉಪದೇಶಕರು ಸಾಮಾನ್ಯವಾಗಿ ಮೊದಲ ಸಾಲದ ಅಗಾಧತೆಯನ್ನು ತೋರಿಸಿ ಎರಡನೆಯದನ್ನು ಚಿಲ್ಲರೆಯೆಂದು ತಳ್ಳಿಹಾಕುತ್ತಾರೆ. ನನ್ನ ಕಣ್ಣು ಎರಡನೆಯದರ ಮೇಲೆಯೇ ನಿಲ್ಲುತ್ತದೆ. ಕೂಲಿಯವನಿಗೆ ಮೂರು ತಿಂಗಳಿಗೂ ಮೀರಿದ ಸಂಬಳ ಚಿಲ್ಲರೆಯೇ? ನೊಂದವನ ನೋವು ಅಲ್ಪವೆಂದು ಸಾಮತಿ ಹೇಳುವುದಿಲ್ಲ. ಅದು ನಿಜವಾದ ಸಾಲ, ನಿಜವಾದ ನಷ್ಟ. ಕಡೆಗೆ ಅರಸನು ತನ್ನ ಮನ್ನಾವನ್ನು ಹಿಂತೆಗೆದುಕೊಂಡು ಆ ಸೇವಕನನ್ನು ದಂಡಿಸುತ್ತಾನೆ. ಕರುಣೆ ಮೊದಲು ಬರುತ್ತದೆ. ತೀರ್ಪು ಅದರ ಹಿಂದೆ ಬರುತ್ತದೆ. ಆ ತೀರ್ಪಿನ ವಿಷಯವಾದರೋ ಸಾಲವಲ್ಲ, ಪಡೆದ ಕರುಣೆಯನ್ನು ಮುಂದಕ್ಕೆ ದಾಟಿಸದ ಕಲ್ಲೆದೆ.

ಈ ಎರಡು ಎಳೆಗಳನ್ನು ಹೊಸೆಯಲು ಧರ್ಮಚಿಂತಕರು ಮಾಡಿದ ಯತ್ನಗಳು ಅನೇಕ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮನು ೧೦೯೮ರಲ್ಲಿ ಮುಗಿಸಿದ ಗ್ರಂಥದಲ್ಲಿ, ಪರಿಹಾರವಿಲ್ಲದೆ ಪಾಪವನ್ನು ಸುಮ್ಮನೆ ಮನ್ನಿಸಿದರೆ ಪಾಪಿಗೂ ಸಜ್ಜನನಿಗೂ ಭೇದವೇ ಉಳಿಯುವುದಿಲ್ಲವೆಂದು ವಾದಿಸಿದ. ಕೊಡಬೇಕಾದವನು ಮನುಷ್ಯ, ಕೊಡಬಲ್ಲವನು ದೇವರು ಮಾತ್ರ. ಆದುದರಿಂದ ದೇವರೇ ಮನುಷ್ಯನಾಗಿ ಆ ಋಣವನ್ನು ತೀರಿಸಿದ ಎಂಬುದು ಅವನ ತರ್ಕ. ಇದರಲ್ಲಿ ನ್ಯಾಯದ ಗೌರವವಿದೆ, ಆದರೆ ಲೆಕ್ಕದ ಪುಸ್ತಕದ ವಾಸನೆಯೂ ಇದೆಯೆಂದು ಮುಂದಿನವರು ಆಕ್ಷೇಪಿಸಿದರು. ಅವನಿಗಿಂತ ನಾಲ್ಕು ಶತಮಾನ ಹಿಂದೆ ಪೂರ್ವದೇಶದ ಸಭೆಯಲ್ಲಿ ಐಸಾಕನೆಂಬ ತಪಸ್ವಿಯಿದ್ದ. ಅವನ ವಿಚಾರ ಇನ್ನೊಂದು ತುದಿಯದು. ಸಂಜೆಯ ವೇಳೆಗೆ ಬಂದ ಕೂಲಿಯವನಿಗೂ ಮುಂಜಾನೆಯಿಂದ ದುಡಿದವನಿಗೂ ಒಂದೇ ಸಂಬಳ ಕೊಡುವ ಯಜಮಾನನನ್ನು, ಆಸ್ತಿ ಹಾಳುಮಾಡಿ ಬಂದ ಮಗನನ್ನು ಓಡಿಹೋಗಿ ತಬ್ಬಿಕೊಳ್ಳುವ ತಂದೆಯನ್ನು ನ್ಯಾಯವಂತನೆಂದು ಹೇಗೆ ಕರೆಯುತ್ತೀರಿ ಎಂದು ಅವನು ಕೇಳಿದ. ಈ ಐಸಾಕನು ಕೆಲವು ಕಾಲ ಬಿಷಪ್ಪನಾಗಿದ್ದ ಊರು ಯಾವುದು ಗೊತ್ತೆ? ನಿನೆವೆಯೇ.

ಐದೇ ತಿಂಗಳಲ್ಲಿ ಅವನು ಆ ಪದವಿಯನ್ನು ಬಿಟ್ಟು ಬೆಟ್ಟಕ್ಕೆ ಹೋದನೆಂದು ಹೇಳುತ್ತಾರೆ. ಅದಕ್ಕೆ ಕಾರಣವಾಗಿ ಪರಂಪರೆಯಲ್ಲಿ ಒಂದು ಕಥೆಯಿದೆ. ಸಾಲಗಾರನೊಬ್ಬನು ಇನ್ನೊಂದು ದಿನದ ಅವಧಿ ಬೇಡಿದಾಗ ಸಾಲ ಕೊಟ್ಟವನು ಒಪ್ಪಲಿಲ್ಲ. ಸುವಾರ್ತೆಯ ಮಾತನ್ನಾದರೂ ನೆನೆದು ತಾಳಿಕೋ ಎಂದು ಬಿಷಪ್ ಹೇಳಿದಾಗ, ಸುವಾರ್ತೆಯನ್ನು ಈ ವ್ಯವಹಾರಕ್ಕೆ ತರಬೇಡಿ ಎಂದು ಅವನು ಉತ್ತರಿಸಿದನಂತೆ. ಸುವಾರ್ತೆಗೆ ಸ್ಥಳವಿಲ್ಲದ ಕಡೆ ತನಗೇನು ಕೆಲಸವೆಂದು ಐಸಾಕನು ಎದ್ದುಹೋದ. ಕಥೆ ಸುಂದರವಾಗಿದೆ, ಆದರೂ ನನಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ತಪಸ್ವಿ ಬೆಟ್ಟಕ್ಕೆ ಹೋದಮೇಲೆ ಆ ಇಬ್ಬರ ವ್ಯಾಜ್ಯವನ್ನು ಯಾರೋ ತೀರಿಸಲೇಬೇಕಾಯಿತಲ್ಲ! ಕರುಣೆಯ ಪರಮಾವಧಿಯನ್ನು ಕಂಡವನು ನ್ಯಾಯಪೀಠದಿಂದ ಏಳಬಹುದು. ಪೀಠವನ್ನು ಖಾಲಿ ಬಿಡುವ ಸ್ವಾತಂತ್ರ್ಯ ಸಮಾಜಕ್ಕಿಲ್ಲ.

ಕವಿಗಳು ಈ ತೊಡಕನ್ನು ಹೆಚ್ಚು ಚೆನ್ನಾಗಿ ಹಿಡಿದರೆಂದು ನನ್ನ ಭಾವನೆ. ಡಾಂಟೆಯ ಶುದ್ಧಿಲೋಕದ ಮೂರನೆಯ ಸರ್ಗದಲ್ಲಿ ಸಿಸಿಲಿಯ ಅರಸ ಮ್ಯಾನ್‌ಫ್ರೆಡ್ ಎದುರಾಗುತ್ತಾನೆ. ಧರ್ಮಸಭೆಯಿಂದ ಬಹಿಷ್ಕೃತನಾಗಿ ೧೨೬೬ರಲ್ಲಿ ಬೆನೆವೆಂಟೋ ಕದನದಲ್ಲಿ ಸತ್ತವನು ಅವನು. ಅವನ ಎಲುಬುಗಳನ್ನೂ ಅಗೆದು ರಾಜ್ಯದ ಗಡಿಯಾಚೆ ಎಸೆದರಂತೆ. ಆದರೆ ಕೊನೆಯುಸಿರಿನಲ್ಲಿ ದೇವರ ಕಡೆ ತಿರುಗಿದ್ದರಿಂದ ಅವನು ನರಕದಲ್ಲಿಲ್ಲ. ಪೋಪರ ತೀರ್ಪನ್ನು ದೇವರ ಕರುಣೆ ಮೀರಿತು. ಡಾಂಟೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಸಭೆಗೆ ತಿರುಗಿಬಿದ್ದು ಕಳೆದ ಕಾಲದ ಮೂವತ್ತು ಪಟ್ಟು ಕಾಲ ಅವನು ಬೆಟ್ಟದ ಬುಡದಲ್ಲಿ ಕಾಯಬೇಕು. ಬದುಕಿರುವವರ ಪ್ರಾರ್ಥನೆ ಆ ಅವಧಿಯನ್ನು ಕಡಮೆ ಮಾಡಬಹುದೆಂದು ಅವನು ಮಗಳಿಗೆ ಸುದ್ದಿ ಕಳಿಸುತ್ತಾನೆ. ಕ್ಷಮೆ ಸಿಕ್ಕಿತು, ಕಾಯುವಿಕೆ ತಪ್ಪಲಿಲ್ಲ. ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಜೀತದ ಹುಡುಗನೊಬ್ಬನನ್ನು ಅವನ ತಾಯಿಯ ಕಣ್ಣೆದುರಿಗೇ ಬೇಟೆನಾಯಿಗಳಿಗೆ ಒಪ್ಪಿಸಿದ ಸೇನಾಪತಿಯ ಕಥೆಯನ್ನು ಇವಾನನು ತಮ್ಮನಿಗೆ ಹೇಳಿ ವಾದಿಸುತ್ತಾನೆ: ತಾಯಿ ತನ್ನ ಸಂಕಟಕ್ಕಾಗಿ ಕ್ಷಮಿಸಲಿ, ಮಗುವಿನ ಸಂಕಟಕ್ಕಾಗಿ ಕ್ಷಮಿಸುವ ಹಕ್ಕು ಅವಳಿಗೂ ಇಲ್ಲ. ತಮ್ಮನಾದ ಅಲ್ಯೋಷನ ಉತ್ತರ ಕ್ರೈಸ್ತಧರ್ಮದ ಉತ್ತರವೇ ಆಗಿದೆ. ನಿರಪರಾಧಿಯಾಗಿ ರಕ್ತ ಸುರಿಸಿದ ಒಬ್ಬನಿದ್ದಾನೆ, ಅವನು ಕ್ಷಮಿಸಬಲ್ಲ ಎಂಬುದು ಅದರ ಸಾರ. ತೀರ್ಪು ಕೊಡುವವನು ಮೇಲಿನಿಂದ ನೋಡುವವನಲ್ಲ, ಪೆಟ್ಟು ತಿಂದವರ ಸಾಲಿನಲ್ಲಿ ನಿಂತವನು. ಇದನ್ನು ನಂಬಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಪ್ರಶ್ನೆಯ ತೂಕಕ್ಕೆ ತಕ್ಕ ಉತ್ತರವಿದೆಂದು ಒಪ್ಪಬೇಕಾಗುತ್ತದೆ.

ಪುಸ್ತಕಗಳೊಳಗಿನ ಈ ವಾದ ನಮ್ಮ ಕಾಲದಲ್ಲಿ ಒಂದು ದೇಶದ ರಾಜ್ಯವ್ಯವಹಾರವಾಗಿ ಬಂದುಬಿಟ್ಟಿತು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಳ್ವಿಕೆ ಮುಗಿದಮೇಲೆ ೧೯೯೫ರ ಕಾನೂನಿನಂತೆ ಸತ್ಯ ಮತ್ತು ಸಂಧಾನ ಆಯೋಗ ಏರ್ಪಟ್ಟಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದರ ಅಧ್ಯಕ್ಷರು. ೧೯೯೬ರ ಏಪ್ರಿಲಿನಲ್ಲಿ ಈಸ್ಟ್ ಲಂಡನ್ ಪಟ್ಟಣದಲ್ಲಿ ಅದರ ಬಹಿರಂಗ ವಿಚಾರಣೆ ಮೊದಲಾಯಿತು. ರಾಜಕೀಯ ಉದ್ದೇಶದಿಂದ ಅಪರಾಧವೆಸಗಿದವನು ನಡೆದುದೆಲ್ಲವನ್ನೂ ಮುಚ್ಚಿಡದೆ ಹೇಳಿದರೆ ಅವನಿಗೆ ಕ್ಷಮಾದಾನ ದೊರೆಯಬಹುದಾಗಿತ್ತು. ಪಶ್ಚಾತ್ತಾಪ ಪಡಬೇಕೆಂಬ ನಿಯಮವಿರಲಿಲ್ಲ. ಸತ್ಯ ಹೇಳಬೇಕೆಂಬ ನಿಯಮ ಮಾತ್ರ ಇತ್ತು. ೨೧,೦೦೦ಕ್ಕೂ ಮಿಕ್ಕ ಹೇಳಿಕೆಗಳನ್ನು ನೊಂದವರು ಕೊಟ್ಟರು. ಕ್ಷಮಾದಾನ ಕೋರಿ ಬಂದ ೭,೧೧೨ ಅರ್ಜಿದಾರರಲ್ಲಿ ೮೪೯ ಮಂದಿಗೆ ಅದು ದೊರೆಯಿತು. ೫,೩೯೨ ಮಂದಿಗೆ ನಿರಾಕರಿಸಲಾಯಿತು. ಟುಟು ಅವರ ಕಣ್ಣೀರನ್ನೂ ಪ್ರಾರ್ಥನೆಯನ್ನೂ ಕಂಡು ಇದನ್ನು ಬರಿಯ ಕರುಣೆಯ ಏರ್ಪಾಡೆಂದು ತಿಳಿದವರು ಈ ಅಂಕಿಗಳನ್ನು ಗಮನಿಸಬೇಕು.

ಆದರೂ ನಹೂಮನ ಪ್ರಶ್ನೆ ಅಲ್ಲಿ ಎದ್ದೇ ಎದ್ದಿತು. ೧೯೭೭ರಲ್ಲಿ ಪೊಲೀಸರ ವಶದಲ್ಲಿ ಸತ್ತ ಸ್ಟೀವ್ ಬಿಕೋ ಅವರ ಕುಟುಂಬದವರೂ ಇತರರೂ ಕ್ಷಮಾದಾನದ ಏರ್ಪಾಡನ್ನೇ ಪ್ರಶ್ನಿಸಿ ೧೯೯೬ರಲ್ಲಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದರು. ಕೊಂದವನ ಮೇಲೆ ಮೊಕದ್ದಮೆ ಹೂಡುವ ನಮ್ಮ ಹಕ್ಕನ್ನು ನಮ್ಮ ಪರವಾಗಿ ಬಿಟ್ಟುಕೊಡಲು ನೀವು ಯಾರು ಎಂಬುದು ಅವರ ವಾದದ ತಿರುಳು. ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ಬಿಕೋ ಸಾವಿಗೆ ಸಂಬಂಧಿಸಿದ ಪೊಲೀಸರಿಗೆ ೧೯೯೯ರಲ್ಲಿ ಕ್ಷಮಾದಾನ ನಿರಾಕರಿಸಲಾಯಿತಾದರೂ ಅವರ ಮೇಲೆ ಮೊಕದ್ದಮೆ ನಡೆಯಲಿಲ್ಲ. ಕ್ಷಮಾದಾನ ದೊರೆಯದ ಇತರರಲ್ಲಿಯೂ ನ್ಯಾಯಾಲಯದ ಕಟಕಟೆ ಕಂಡವರು ಕೆಲವರೇ. ನೊಂದವರಿಗೆ ಆರು ವರ್ಷಗಳ ಕಾಲ ವರ್ಷವರ್ಷವೂ ನೆರವು ನೀಡಬೇಕೆಂದು ಆಯೋಗ ಹೇಳಿತ್ತು. ೨೦೦೩ರಲ್ಲಿ ಸರಕಾರ ಒಬ್ಬೊಬ್ಬರಿಗೆ ಒಂದೇ ಬಾರಿ ೩೦,೦೦೦ ರಾಂಡ್ ಕೊಟ್ಟು ಕೈತೊಳೆದುಕೊಂಡಿತು. ಆ ಮೊಕದ್ದಮೆಗಳನ್ನು ಬೇಕೆಂದೇ ತಡೆಯಲಾಯಿತೇ ಎಂದು ವಿಚಾರಿಸಲು ೨೦೨೫ರಲ್ಲಿ ಹೊಸದೊಂದು ನ್ಯಾಯಾಂಗ ಆಯೋಗವನ್ನು ನೇಮಿಸಬೇಕಾಗಿ ಬಂತು. ಮ್ಯಾನ್‌ಫ್ರೆಡ್ಡನು ಬೆಟ್ಟದ ಬುಡದಲ್ಲಿ ಕಾಯಬೇಕಾದ ಕಾಲವನ್ನು ಇಲ್ಲಿ ನೊಂದವರೇ ಕಾದರು. ಇದು ಕರುಣೆಯ ಸೋಲೆಂದು ನಾನು ಹೇಳಲಾರೆ. ಕರುಣೆಯ ಜೊತೆಗೆ ಕೊಟ್ಟ ಮಾತನ್ನು ನ್ಯಾಯವು ನಡೆಸಿಕೊಡಲಿಲ್ಲ; ಆದುದರಿಂದ ಕರುಣೆಗೂ ಕೆಟ್ಟ ಹೆಸರು ಬಂತು.

ನಮ್ಮ ದೇಶದಲ್ಲಿಯೂ ಒಂದು ಉದಾಹರಣೆಯಿದೆ. ೧೯೯೯ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ವಾಹನದೊಳಗೆ ಮಲಗಿದ್ದಾಗ ಜೀವಸಹಿತ ಸುಟ್ಟರು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಆ ಕೃತ್ಯವೆಸಗಿದವರನ್ನು ತಾನು ಕ್ಷಮಿಸಿರುವುದಾಗಿ ಹೇಳಿದ್ದು ದೇಶವೆಲ್ಲ ಕೇಳಿತು. ಅವರು ಆ ರಾಜ್ಯವನ್ನು ತಕ್ಷಣ ಬಿಟ್ಟುಹೋಗದೆ ರೋಗಿಗಳ ಸೇವೆಯನ್ನು ಮುಂದುವರಿಸಿದರು. ಇತ್ತ ನ್ಯಾಯಾಲಯದ ಕೆಲಸ ನಿಲ್ಲಲಿಲ್ಲ. ಮುಖ್ಯ ಅಪರಾಧಿಗೆ ೨೦೦೩ರಲ್ಲಿ ಮರಣದಂಡನೆ ವಿಧಿಸಲಾಯಿತು. ೨೦೦೫ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗಿಳಿಸಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನೇ ಸ್ಥಿರಪಡಿಸಿತು. ಆ ತಾಯಿಯ ಕ್ಷಮೆ ನ್ಯಾಯಾಧೀಶರ ಲೇಖನಿಯನ್ನು ಹಿಡಿದು ನಿಲ್ಲಿಸಲಿಲ್ಲ. ನ್ಯಾಯಾಧೀಶರ ತೀರ್ಪು ಆ ಕ್ಷಮೆಯನ್ನು ಸುಳ್ಳಾಗಿಸಲೂ ಇಲ್ಲ. ತನಗಾದ ನೋವನ್ನು ಕ್ಷಮಿಸುವ ಹಕ್ಕು ನೊಂದವಳದು. ಮುಂದೆ ಇನ್ನೊಬ್ಬ ತಾಯಿಗೆ ಹಾಗಾಗದಂತೆ ಕಾಯುವ ಹೊಣೆ ರಾಜ್ಯದ್ದು. ಇವೆರಡೂ ಬೇರೆ ಬೇರೆ ಕೈಗಳಲ್ಲಿದ್ದರೇ ಕ್ಷೇಮವೆಂದು ನನಗೆ ತೋರುತ್ತದೆ. ನೊಂದವರ ಕೈಯಿಂದ ಕ್ಷಮೆಯನ್ನು ಕಿತ್ತುಕೊಂಡು ರಾಜ್ಯವೇ ಹಂಚಹೊರಟರೆ ಬಿಕೋ ಕುಟುಂಬದ ಪ್ರಶ್ನೆ ಏಳುತ್ತದೆ. ರಾಜ್ಯದ ಕೈಯಿಂದ ದಂಡವನ್ನು ಕಿತ್ತುಕೊಂಡು ನೊಂದವರೇ ಬೀಸಹೊರಟರೆ ಏನಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಈ ಮಾತುಗಳಿಂದ ನಾನು ತಲಪುವ ನಿಲುವು ಇಷ್ಟು. ದೇವರ ನ್ಯಾಯ ಮತ್ತು ಕರುಣೆಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ಸಮತೂಗಿಸುವ ರೂಪಕ ಅಷ್ಟು ಸರಿಯಾದುದಲ್ಲ. ತಕ್ಕಡಿಯಲ್ಲಿ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಅರ್ಧ ನ್ಯಾಯ, ಅರ್ಧ ಕರುಣೆ ಎಂಬ ಮಿಶ್ರಣದಿಂದ ಅಪರಾಧಿಗೂ ಉದ್ಧಾರವಿಲ್ಲ, ನೊಂದವನಿಗೂ ಸಮಾಧಾನವಿಲ್ಲ. ಕ್ರೈಸ್ತಧರ್ಮದ ಶ್ರೇಷ್ಠ ಗ್ರಂಥಗಳು ಕೇಳುವುದು ಎರಡರ ಪೂರ್ಣತೆಯನ್ನು. ನಡೆದ ಕೆಡುಕನ್ನು ಕೆಡುಕೆಂದೇ ಹೆಸರಿಟ್ಟು ಕರೆಯಬೇಕು, ಅದರಲ್ಲಿ ಒಂದು ಅಕ್ಷರವನ್ನೂ ಬಿಡಬಾರದು. ಹಾಗೆ ಕರೆದಮೇಲೂ ಆ ಕೆಡುಕನ್ನು ಮಾಡಿದವನು ಅಷ್ಟೇ, ಅದರಾಚೆ ಏನೂ ಅಲ್ಲ, ಎಂದು ಮುಗಿಸಿಬಿಡಬಾರದು. ಇದು ಮನುಷ್ಯಮಾತ್ರರಿಂದ ಪೂರ್ತಿಯಾಗಿ ಆಗುವ ಕೆಲಸವಲ್ಲ. ಅದರಿಂದಲೇ ಅವರು ಅದನ್ನು ದೇವರ ಹೆಸರಿಗೆ ಬರೆದಿಟ್ಟಿರಬೇಕು.

ಇದರಿಂದ ನಮಗಾಗುವ ಎಚ್ಚರಿಕೆಯೂ ಒಂದಿದೆ. ಪೆಟ್ಟು ತಿನ್ನದವನು ಪೆಟ್ಟು ತಿಂದವನಿಗೆ ಕ್ಷಮೆಯ ಉಪದೇಶ ಮಾಡುವುದು ಬಹಳ ಸುಲಭ. ನಹೂಮನ ಬಳಿಗೆ ಹೋಗಿ ‘ನೀನು ಯೋನನ ಪುಸ್ತಕದ ಕೊನೆಯನ್ನು ಓದಬಾರದೆ?’ ಎಂದು ಕೇಳುವ ಅಧಿಕಾರ ನಿನೆವೆಯವರಿಗಿಲ್ಲ, ದೂರದಲ್ಲಿ ನಿಂತು ನೋಡುವ ನಮಗೂ ಇಲ್ಲ. ಯೋನನ ಪುಸ್ತಕದಲ್ಲಿಯೂ ಆ ಪ್ರಶ್ನೆಯನ್ನು ಕೇಳಿದ್ದು ದೇವರು. ಅದೂ ಆಜ್ಞೆಯಾಗಿ ಅಲ್ಲ, ಪ್ರಶ್ನೆಯಾಗಿ. ಬಿಸಿಲಲ್ಲಿ ಕುಳಿತ ಆ ಕೋಪಿಷ್ಠನು ಏನು ಉತ್ತರ ಕೊಟ್ಟನೆಂಬುದನ್ನು ಗ್ರಂಥಕಾರನು ಬರೆದಿಲ್ಲ. ಅವನ ಮೇಲೆ ಉತ್ತರವನ್ನು ಹೇರಲಿಲ್ಲವೆಂಬುದು ನನಗೆ ಆ ಪುಸ್ತಕದ ದೊಡ್ಡ ಸೌಜನ್ಯವಾಗಿ ಕಾಣುತ್ತದೆ.

ಮೊಸೂಲಿನ ಆ ದಡದಲ್ಲಿ, ಹಳೆಯ ನಿನೆವೆಯ ದಿಬ್ಬದ ಮೇಲೆ, ಯೋನನ ಸಮಾಧಿಯೆಂದು ಮುಸಲ್ಮಾನರೂ ಕ್ರೈಸ್ತರೂ ಗೌರವಿಸುತ್ತಿದ್ದ ಮಂದಿರವೊಂದಿತ್ತು. ೨೦೧೪ರ ಜುಲೈಯಲ್ಲಿ ಐಸಿಸ್ ಪಡೆಯವರು ಸಿಡಿಮದ್ದಿಟ್ಟು ಅದನ್ನು ಉರುಳಿಸಿದರು. ನಿನೆವೆಯ ಪ್ರಶ್ನೆಗಳು ಹಳೆಯವಾಗಿಲ್ಲವೆನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಯೋನನ ಪುಸ್ತಕದಲ್ಲಿರುವುದು ೪೮ ವಚನಗಳು, ನಹೂಮನದರಲ್ಲಿ ೪೭. ಕನ್ನಡ ಬೈಬಲು ಯಾವ ಒಳ್ಳೆಯ ಗ್ರಂಥಾಲಯದಲ್ಲಿಯೂ ಸಿಗುತ್ತದೆ. ಒಂದು ಭಾನುವಾರದ ಮಧ್ಯಾಹ್ನ ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಓದಿರಿ. ಮೊದಲು ನಹೂಮನನ್ನು, ಆಮೇಲೆ ಯೋನನನ್ನು ಓದುವುದು ಮೇಲು. ನೊಂದವರ ಮಾತು ಮೊದಲು ಕಿವಿಗೆ ಬೀಳಲಿ.